ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಮರಳಿ ಕೊಡಿ: ಮುಖ್ಯಮಂತ್ರಿಗಳಿಗೂ ಶಿಕ್ಷಣ ಸಚಿವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ, ಮಾನ್ಯ ಶಾಲಾ ಶಿಕ್ಷಣ ಸಚಿವರೇ,

ಸವಿನಯ ನಮಸ್ಕಾರಗಳು.

ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಎಂಟನೇ ತರಗತಿಗೆ ಸೇರುವ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಯಿತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಕೋವಿಡ್ ಬಂದಾಗ ಅದು ನಿಂತಿತು. ಶಾಲೆಗಳು ಮತ್ತೆ ತೆರೆದವು, ಬಿಸಿಯೂಟ ಬಂತು, ಹಾಲು ಬಂತು, ಮೊಟ್ಟೆ ಬಂತು. ಸೈಕಲ್ ಮಾತ್ರ ಬರಲಿಲ್ಲ. 2020-21ರಲ್ಲಿ ಎಂಟಕ್ಕೆ ಸೇರಿದ ಮಕ್ಕಳು ಸೈಕಲ್ ಕಾಣದೆಯೇ 2023ರಲ್ಲಿ ಎಸ್ಸೆಸ್ಸೆಲ್ಸಿ ಬರೆದು ಶಾಲೆ ಬಿಟ್ಟರು. ಅವರ ಹಿಂದೆ ಬಂದ ತಂಡಕ್ಕೂ ಅದೇ ಆಯಿತು. ಈ ಯೋಜನೆಯನ್ನು ಮತ್ತೆ ಆರಂಭಿಸಿ, ಎಲ್ಲರಿಗೂ ಒಮ್ಮೆಲೇ ಆಗದಿದ್ದರೆ ಹಳ್ಳಿಯ ಹೆಣ್ಣುಮಕ್ಕಳಿಂದಲಾದರೂ ಶುರುಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಯಾದಗಿರಿ, ರಾಯಚೂರು ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ಈಚೆಗೆ ನಿವೃತ್ತಳಾದವಳು. ನಮ್ಮ ಕಡೆ ಹುಡುಗಿಯೊಬ್ಬಳ ಓದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹಾಜರಿ ಪುಸ್ತಕದಲ್ಲಿಯೇ ನೋಡಿದ್ದೇನೆ. ಅದು ನಿಲ್ಲುವುದು ಲೆಕ್ಕ ಬರದೆಯೋ ಇಂಗ್ಲಿಷ್ ಕಬ್ಬಿಣದ ಕಡಲೆಯಾಗಿಯೋ ಅಲ್ಲ. ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ, ಊರ ಶಾಲೆ ಬಿಟ್ಟು ಪಕ್ಕದ ಊರಿನ ಹೈಸ್ಕೂಲಿಗೆ ಹೋಗಬೇಕಾದಾಗ ನಿಲ್ಲುತ್ತದೆ.

ಇಲ್ಲಿ ನಮ್ಮ ರಾಜ್ಯದಲ್ಲಿ ಒಂದು ತೊಡಕಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗಿನ ಓದನ್ನು ಮಗುವಿನ ಹಕ್ಕು ಎನ್ನುತ್ತದೆ, ಶಾಲೆ ನೆರೆಹೊರೆಯಲ್ಲೇ ಇರಬೇಕು ಎನ್ನುತ್ತದೆ. ಆದರೆ ನಮ್ಮಲ್ಲಿ ಎಂಟನೇ ತರಗತಿ ಸೇರಿಸಿಕೊಂಡಿರುವ ಕೆಲವು ಶಾಲೆಗಳನ್ನು ಬಿಟ್ಟರೆ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತದೆ, ಎಂಟರಿಂದ ಹೈಸ್ಕೂಲು. ಅಂದರೆ ಕಾಯ್ದೆ ಖಾತ್ರಿ ಕೊಟ್ಟ ಕೊನೆಯ ವರ್ಷವೇ ಊರಿನ ಹೊರಗಿದೆ. ಹದಿಮೂರು ವರ್ಷದ ಹುಡುಗಿ, ಮೈನೆರೆದ ಹೊಸತು, ಮನೆಯವರ ಕಣ್ಣು ಅವಳ ಮೇಲೆ ಬಿಗಿಯಾಗುವ ಹೊತ್ತು. ಸರಿಯಾಗಿ ಅದೇ ವರ್ಷ ನಾವು ಅವಳಿಗೆ ನಾಲ್ಕೈದು ಕಿಲೋಮೀಟರ್ ನಡೆದು ಬಾ ಎನ್ನುತ್ತೇವೆ. ಎಂಟು ದಾಟಿದರೆ ಕಾಯ್ದೆಯ ರಕ್ಷಣೆಯೂ ಇಲ್ಲ.

ಶಾಲೆ ಶುರುವಾಗುವ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ಏಳು ಪಾಸಾದವರ ಪಟ್ಟಿ ಹಿಡಿದು ಮನೆಮನೆಗೆ ಹೋಗುವುದು ನಮ್ಮ ರೂಢಿಯಾಗಿತ್ತು. ಕೊನೆಯ ವರ್ಷಗಳಲ್ಲಿ ಹೋದಾಗಿನ ಒಂದು ಮಾತು ನನಗೆ ಮರೆಯದು. ಹುಡುಗಿ ತರಗತಿಗೇ ಮೊದಲು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. "ಯಾಕಪ್ಪ, ಟಿಸಿ ತಂದು ಸೇರಿಸಲಿಲ್ಲ?" ಎಂದೆ. "ಕಲಿಸಬಾರದಂತ ಏನಿಲ್ರಿ ಅಕ್ಕೋರ" ಎಂದ. "ಬಸ್ ಪುಕ್ಕಟ ಮಾಡ್ಯಾರ, ಖರೆ. ಆದ್ರ ನಮ್ಮೂರಿಗಿ ಬಸ್ಸೇ ಬರಲ್ಲಲ್ರಿ. ದಿನಾ ಮುಂಜಾನಿ ಸಂಜಿ ಒಬ್ಬಾಕಿನ್ನ ಹೊಲದ ದಾರಿಗುಂಟ ಹ್ಯಾಂಗ ಕಳಸ್ಲಿ?" ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ವರ್ಷ ಅವಳು ಮೆಣಸಿನಕಾಯಿ ಬಿಡಿಸುವ ಹೆಂಗಸರ ಜೊತೆ ಟಂಟಂ ಹತ್ತಿದಳು. ಕೂಲಿಗೆ ಕರೆದೊಯ್ಯುವ ಗಾಡಿ ಬೆಳಗಾಗುವ ಮೊದಲೇ ಊರ ಬಾಗಿಲಿಗೆ ಬಂದು ನಿಲ್ಲುತ್ತದೆ. ಶಾಲೆಗೆ ಕರೆದೊಯ್ಯುವುದು ಯಾವುದೂ ಬರುವುದಿಲ್ಲ.

ಆ ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ದಾರಿಯ ಸಂಗತಿ. ದಾರಿ ಸರಿಮಾಡುವ ಶಕ್ತಿ ಅವನಿಗಿಲ್ಲ, ತಮಗಿದೆ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಓಡಾಟಕ್ಕೆ ಬಲ ಕೊಟ್ಟಿದೆ. ಮುಖ್ಯರಸ್ತೆಯ ಊರುಗಳಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವ ಹುಡುಗಿಯರು ಹೆಚ್ಚಿದ್ದನ್ನು ನಾನೇ ಕಂಡಿದ್ದೇನೆ, ಅದಕ್ಕೆ ಮನಸಾರೆ ವಂದನೆ ಹೇಳುತ್ತೇನೆ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಬಸ್ ಬರಬೇಕು. ಬಂದರೂ ಶಾಲೆಯ ಗಂಟೆಗೆ ಸರಿಯಾಗಿ ಬರಬೇಕು. ಹನ್ನೊಂದಕ್ಕೊಂದು, ಸಂಜೆ ಏಳಕ್ಕೊಂದು ಬಸ್ ಇರುವ ಊರಿನ ಹುಡುಗಿಗೆ ಅದರಿಂದ ಶಾಲೆಯ ಮಟ್ಟಿಗೆ ಪ್ರಯೋಜನವಿಲ್ಲ. ಇನ್ನು ಹೈಸ್ಕೂಲಿರುವ ಊರಿಗೂ ಅದರ ಸುತ್ತಲಿನ ಹಳ್ಳಿಗಳಿಗೂ ನಡುವೆ ಇರುವುದು ಹಲವೆಡೆ ಬಸ್ ಓಡುವ ರಸ್ತೆಯೇ ಅಲ್ಲ, ಬಂಡಿದಾರಿ, ಕಾಲುವೆ ದಂಡೆ. ಅಂಥಲ್ಲಿ ಓಡುವುದು ಸೈಕಲ್ ಒಂದೇ.

ಸೈಕಲ್ ಬರುತ್ತಿದ್ದ ಕಾಲ ಹೇಗಿತ್ತು ಎಂದು ಒಂದಿಷ್ಟು ಹೇಳಬೇಕು. ಇದನ್ನೆಲ್ಲ ಕಡತದಲ್ಲಿ ಯಾರೂ ಬರೆಯುವುದಿಲ್ಲ. ಲಾರಿಯಲ್ಲಿ ಬಿಡಿಭಾಗಗಳು ಬರುತ್ತಿದ್ದವು. ಫಿಟ್ಟರ್‌ಗಳು ಶಾಲೆಯ ಅಂಗಳದಲ್ಲೇ ಕೂತು ಜೋಡಿಸುತ್ತಿದ್ದರು; ರಿಮ್ಮು, ಚೈನು, ಮಡ್‌ಗಾರ್ಡು ಒಂದೊಂದು ಗುಡ್ಡೆ. ಪಾಠ ಮಾಡಲು ಹೋದರೆ ಯಾರ ಕಣ್ಣೂ ಹಲಗೆಯ ಮೇಲಿರುತ್ತಿರಲಿಲ್ಲ, ನಾನೂ ಜೋರು ಮಾಡುತ್ತಿರಲಿಲ್ಲ. ಹಂಚಿದ ದಿನ ಅರ್ಧದಷ್ಟು ಹುಡುಗಿಯರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಮನೆಯಲ್ಲಿ ಸೈಕಲ್ ಇದ್ದರೂ ಅದು ಅಣ್ಣನದೋ ಅಪ್ಪನದೋ ಆಗಿರುತ್ತಿತ್ತು. ಬರುವವರು ಬಾರದವರ ಕ್ಯಾರಿಯರ್ ಹಿಡಿದು ಮೈದಾನದ ತುಂಬ ಓಡುವುದು, ಲಂಗಕ್ಕೆ ಚೈನಿನ ಎಣ್ಣೆ ಮೆತ್ತಿಕೊಳ್ಳುವುದು, ಮೊಣಕಾಲು ತರಚಿಕೊಳ್ಳುವುದು. ವಾರ ಕಳೆಯುವುದರೊಳಗೆ ಎಲ್ಲರೂ ಕಲಿತಿರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಹೆಸರಿಗೆ ಬಂದ ಮೊದಲ ವಸ್ತು ಅದೇ.

ಆಮೇಲೆ ದಾರಿಯೇ ಬೇರೆಯಾಗುತ್ತಿತ್ತು. ಒಬ್ಬಳೇ ನಡೆದುಹೋಗುವ ಹುಡುಗಿಯನ್ನು ಹಿಂಬಾಲಿಸುವವರಿದ್ದರು, ಕೆಟ್ಟ ಮಾತಾಡುವವರಿದ್ದರು. ಒಂದೇ ಊರಿನ ಏಳೆಂಟು ಹುಡುಗಿಯರು ಸೈಕಲ್ ಮೇಲೆ ಸಾಲಾಗಿ ಹೊರಟರೆ ಅವರು ಬದಿಗೆ ಸರಿಯುತ್ತಿದ್ದರು. ಒಂದು ತಾಸಿನ ದಾರಿ ಇಪ್ಪತ್ತು ನಿಮಿಷಕ್ಕಿಳಿಯುತ್ತಿತ್ತು. ಉಳಿದ ಹೊತ್ತಿನಲ್ಲಿ ಅವಳು ನೀರು ತಂದಿಟ್ಟು, ತಮ್ಮನಿಗೆ ಉಣಿಸಿ, ಆದರೂ ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದಳು. ಮನೆಗೆಲಸ ಅವಳ ಮೇಲೆ ಬೀಳಬಾರದು, ನಿಜ. ಆದರೆ ಬೀಳುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಯೋಜನೆ ಹಳ್ಳಿಯಲ್ಲಿ ನಿಲ್ಲುವುದಿಲ್ಲ.

ಇದು ಒಬ್ಬ ಮೇಷ್ಟ್ರಮ್ಮನ ಅಭಿಮಾನದ ಮಾತು ಎಂದು ತಮ್ಮ ಅಧಿಕಾರಿಗಳು ಪಕ್ಕಕ್ಕಿಟ್ಟಾರು. ಆದ್ದರಿಂದ ಅಳೆದು ನೋಡಿದವರ ಮಾತನ್ನೂ ಮುಂದಿಡುತ್ತೇನೆ.

ನಾವು ಸೈಕಲ್ ಶುರುಮಾಡಿದ ಅದೇ 2006ರಲ್ಲಿ ಬಿಹಾರವೂ ಶುರುಮಾಡಿತು. ಅಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2000 ರೂಪಾಯಿ ಕೊಟ್ಟರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರ ಜೊತೆಗೂ ಪಕ್ಕದ ಜಾರ್ಖಂಡ್‌ನ ಮಕ್ಕಳ ಜೊತೆಗೂ ಹೋಲಿಸಿ ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಅದರಲ್ಲೂ ಹೆಚ್ಚಿನ ಏರಿಕೆ ಕಂಡದ್ದು ಹೈಸ್ಕೂಲು 3 ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ. ಅಂದರೆ ಕೆಲಸ ಮಾಡಿದ್ದು ಸೈಕಲ್ಲೇ, ಬೇರೇನೋ ಗಾಳಿಯಲ್ಲ. ಅಷ್ಟೇ ಹಣವನ್ನು ನಗದಾಗಿ ಕೊಡುವ ಯೋಜನೆಗಳಿಗಿಂತ ಇದರ ಫಲ ಹೆಚ್ಚು ಎಂದೂ ಅವರು ಕಂಡರು. ಹತ್ತನೇ ತರಗತಿಯ ಪರೀಕ್ಷೆಗೆ ಕೂತ ಹುಡುಗಿಯರು ಶೇ 18ರಷ್ಟು, ಪಾಸಾದವರು ಶೇ 12ರಷ್ಟು ಹೆಚ್ಚಿದ್ದರು. ಸೇರಿದವರ ಏರಿಕೆಗಿಂತ ಪಾಸಾದವರ ಏರಿಕೆ ಕಡಿಮೆ ಎಂಬುದನ್ನೂ ನೋಡಬೇಕು. ಸೈಕಲ್ ಮಗುವನ್ನು ಶಾಲೆಯ ಬಾಗಿಲವರೆಗೆ ತರುತ್ತದೆ; ಅಲ್ಲಿಂದ ಮುಂದೆ ಗಣಿತಕ್ಕೂ ವಿಜ್ಞಾನಕ್ಕೂ ಕಾಯಂ ಶಿಕ್ಷಕರು ಬೇಕು. ವರ್ಷದ ಅರ್ಧ ಕಳೆದ ಮೇಲೆ ಬರುವ ಅತಿಥಿ ಶಿಕ್ಷಕರಿಂದ ಆ ಕೆಲಸ ಆಗದು. ಅದು ಇನ್ನೊಂದು ಪತ್ರದ ವಿಷಯ.

ಆಫ್ರಿಕಾದಲ್ಲೂ ಇಂಥದೇ ಪ್ರಯೋಗ ನಡೆಯಿತು. ಝಾಂಬಿಯಾದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಶಾಲೆಗೆ 3 ಕಿಲೋಮೀಟರ್‌ಗಿಂತ ದೂರದಿಂದ ನಡೆದು ಬರುವ ಹುಡುಗಿಯರಿಗೆ 'ಬಫೆಲೋ' ಎಂಬ ಗಟ್ಟಿಮುಟ್ಟಾದ ಸೈಕಲ್ ಕೊಟ್ಟು, ಕೊಡದ ಶಾಲೆಗಳ ಜೊತೆ ಹೋಲಿಸಿದರು. ದಾರಿಯ ಹೊತ್ತು ಮೂರನೇ ಒಂದು ಪಾಲು ಇಳಿಯಿತು. ತಡವಾಗಿ ಬರುವುದು ಅರ್ಧಕ್ಕಿಂತ ಹೆಚ್ಚು ತಗ್ಗಿತು. ಗೈರುಹಾಜರಿ ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾಯಿತು. ನನ್ನ ಗಮನ ಸೆಳೆದದ್ದು ಅವರು ಸೈಕಲ್ ಜೊತೆಗೆ ಮಾಡಿದ ಏರ್ಪಾಡು. ಪ್ರತಿ ಶಾಲೆಗೂ ಊರಿನವರದೇ ಒಂದು ಸೈಕಲ್ ಸಮಿತಿ, ಆ ಭಾಗದಲ್ಲೇ ತರಬೇತಿ ಪಡೆದ ರಿಪೇರಿಯವರು, ಬಿಡಿಭಾಗ ಸಿಗುವ ವ್ಯವಸ್ಥೆ. ಒಮ್ಮೆ ಹಂಚಿ, ಫೋಟೋ ತೆಗೆಸಿಕೊಂಡು ಕೈತೊಳೆದುಕೊಳ್ಳಲಿಲ್ಲ.

ದಾರಿ ಹತ್ತಿರವಾದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಕಠಿಣವಾದ ನೆಲದ ಸಾಕ್ಷಿಯಿದೆ. ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದಲ್ಲಿ ಡೇನಾ ಬರ್ಡ್ ಮತ್ತು ಲೀ ಲಿಂಡನ್ ಎಂಬ ಸಂಶೋಧಕರು, ಊರೊಳಗೇ ಶಾಲೆ ತೆರೆದ ಹಳ್ಳಿಗಳನ್ನೂ ತೆರೆಯದ ಹಳ್ಳಿಗಳನ್ನೂ ಹೋಲಿಸಿದರು. ಶಾಲೆ ಬಂದ ಊರುಗಳಲ್ಲಿ ಓದುವ ಹುಡುಗಿಯರ ಪ್ರಮಾಣ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಏರಿತ್ತು. ಹುಡುಗರಿಗಿಂತ ಹುಡುಗಿಯರು ಹಿಂದಿದ್ದ ಅಂತರವೇ ಅಳಿಸಿಹೋಗಿತ್ತು. ಅಲ್ಲಿನ ತಂದೆತಾಯಿಯರು ಹೆಣ್ಣುಮಕ್ಕಳ ಓದಿಗೆ ವಿರೋಧಿಗಳು ಎಂದು ಜಗತ್ತು ನಂಬಿತ್ತು. ಅವರ ಮನೆಯ ಹತ್ತಿರ ಶಾಲೆ ಇರಲಿಲ್ಲ, ಅಷ್ಟೇ. ಅದೇ ದೇಶದಲ್ಲಿ 2021ರಿಂದ ತಾಲಿಬಾನ್ ಆರನೇ ತರಗತಿಯ ಮುಂದೆ ಹುಡುಗಿಯರ ಓದನ್ನು ಅಪ್ಪಣೆ ಹೊರಡಿಸಿ ನಿಲ್ಲಿಸಿದೆ, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲನ್ನೂ ಮುಚ್ಚಿತು. ಆ ಕ್ರೌರ್ಯಕ್ಕೂ ನಮ್ಮ ಊರುಗಳ ಸ್ಥಿತಿಗೂ ಹೋಲಿಕೆಯಿಲ್ಲ. ನಮ್ಮಲ್ಲಿ ಯಾರೂ ಬೇಡ ಎಂದಿಲ್ಲ, ಕಾನೂನು ಹುಡುಗಿಯ ಪರವಾಗಿಯೇ ಇದೆ. ಹಾಗಿದ್ದೂ ಏಳನೇ ತರಗತಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿ ನಮ್ಮಲ್ಲಿ ಇದ್ದಾಳೆ ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಬಾಂಗ್ಲಾದೇಶದ ಮಾತನ್ನೂ ಹೇಳಿಬಿಡುತ್ತೇನೆ. ನಮಗಿಂತ ಬಡದೇಶವಾಗಿದ್ದಾಗಲೇ ಅದು 1994ರಿಂದ ದೇಶದ ಹಳ್ಳಿಗಳಲ್ಲೆಲ್ಲ ಪ್ರೌಢಶಾಲೆಯ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಟ್ಟಿತು. ಷರತ್ತು ಮೂರು: ಶೇ 75 ಹಾಜರಿ, ಪರೀಕ್ಷೆಯಲ್ಲಿ ಶೇ 45 ಅಂಕ, ಎಸ್ಸೆಸ್ಸಿ (ನಮ್ಮ ಎಸ್ಸೆಸ್ಸೆಲ್ಸಿಯಂಥ ಹತ್ತನೇ ತರಗತಿಯ ಪರೀಕ್ಷೆ) ಮುಗಿಯುವವರೆಗೆ ಮದುವೆ ಇಲ್ಲ. ಈಗ ಅಲ್ಲಿ ಪ್ರೌಢಶಾಲೆಗಳಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಜಗತ್ತಿನಲ್ಲಿ ಇನ್ನೂ 25 ಕೋಟಿ ಮಕ್ಕಳು ಶಾಲೆಯ ಹೊರಗಿದ್ದಾರೆ ಎಂದು ಯುನೆಸ್ಕೊ 2023ರಲ್ಲಿ ಹೇಳಿತು. ಅಂಥ ಸಂಖ್ಯೆ ಕೇಳಿದರೆ ಕೈಚೆಲ್ಲುವಂತಾಗುತ್ತದೆ. ಆದರೆ ಎಲ್ಲೆಲ್ಲಿ ಸರ್ಕಾರವೊಂದು ನಿರ್ದಿಷ್ಟ ಅಡ್ಡಿಯನ್ನು ಹುಡುಕಿ ತೆಗೆದಿದೆಯೋ ಅಲ್ಲೆಲ್ಲ ಕೆಲವೇ ವರ್ಷಗಳಲ್ಲಿ ತರಗತಿ ತುಂಬಿದೆ.

ನಮ್ಮಲ್ಲಿ ಮದುವೆಯ ಮಾತು ಬೇರೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ರಾಜ್ಯದ ಕಾನೂನು ಬಾಲ್ಯವಿವಾಹವನ್ನು ಮದುವೆಯೇ ಅಲ್ಲ ಎನ್ನುವಷ್ಟು ಗಟ್ಟಿಯಾಗಿದೆ. ಆದರೂ ಹಳ್ಳಿಯಲ್ಲಿ ನಾನು ಕಂಡದ್ದು ಇಷ್ಟು. ಶಾಲೆಗೆ ಹೋಗುವ ಹುಡುಗಿಯ ಮದುವೆಯನ್ನು "ಪರೀಕ್ಷೆ ಮುಗೀಲಿ" ಎಂದು ಮುಂದೂಡಲು ಮನೆಯವರಿಗೆ ಒಂದು ನೆಪವಿರುತ್ತದೆ. ಮನೆಯಲ್ಲಿ ಕೂತ ಹುಡುಗಿಯ ವಿಷಯದಲ್ಲಿ ಆ ನೆಪವೂ ಇಲ್ಲ. "ಸುಮ್ನ ಕುಂತಾಳ, ಗಂಡ ನೋಡ್ರಿ" ಎಂಬ ಮಾತು ಬರಲು ವರ್ಷ ಬೇಕಾಗಿಲ್ಲ.

ಏಳಕ್ಕೂ ಹತ್ತಕ್ಕೂ ಇರುವ ಅಂತರ ಮೂರು ವರ್ಷದ್ದಷ್ಟೇ ಎಂದು ಯಾರಾದರೂ ಅಂದುಕೊಂಡರೆ ಅಂಗನವಾಡಿ ನೇಮಕಾತಿಯ ಅರ್ಜಿ ನೋಡಲಿ. ಸಹಾಯಕಿಯಾಗಲು ಎಸ್ಸೆಸ್ಸೆಲ್ಸಿ, ಕಾರ್ಯಕರ್ತೆಯಾಗಲು ಪಿಯುಸಿ. ತನ್ನ ಊರು ಬಿಡದೆ, ತನ್ನ ಕೈಗೇ ಬರುವ ಸಂಬಳವೆಂದರೆ ಹಳ್ಳಿಯ ಹೆಣ್ಣುಮಗಳಿಗೆ ಅಂಥ ಕೆಲಸಗಳೇ. ಏಳಕ್ಕೆ ಬಿಟ್ಟವಳು ಅರ್ಜಿಯನ್ನೂ ಹಾಕಲಾರಳು. ಸೈಕಲ್ ತುಳಿದು ಬಂದು ಹತ್ತು ಮುಗಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳು ಈಗ ನರ್ಸ್. ಅವಳಿರುವ ಓಣಿಯಲ್ಲಿ ಮನೆಯಲ್ಲೇ ಹೆರಿಗೆ ಮಾಡಿಸುವ ಮಾತೇ ನಿಂತಿದೆ. ಅವಳ ಜೊತೆ ಎಂಟನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದು, ನಡುವೆಯೇ ಗುಳೆ ಹೋದ ಮನೆಯ ಹುಡುಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾಳೆ. ಇಬ್ಬರ ಅಕ್ಷರವೂ ಮುದ್ದಾಗಿತ್ತು. ಇಬ್ಬರ ಕಾಪಿ ಪುಸ್ತಕವನ್ನೂ ನಾನು ಇತರ ಮಕ್ಕಳಿಗೆ ತೋರಿಸುತ್ತಿದ್ದೆ.

ಈ ಯೋಜನೆಯ ಬಗ್ಗೆ ಹಿಂದೆ ಎದ್ದ ದೂರುಗಳು ನನಗೆ ಗೊತ್ತು. ಗುಣಮಟ್ಟ ಕಳಪೆ, ಬ್ರೇಕ್ ಹಿಡಿಯುವುದಿಲ್ಲ, ಆರು ತಿಂಗಳಿಗೆ ತುಕ್ಕು. ಬಹಳಷ್ಟು ನಿಜ. ಕೆಲವು ಮನೆಯವರು ಮಾರಿಕೊಂಡದ್ದೂ ಉಂಟು, ಆದರೆ ಅವರು ಕೆಲವರೇ. ಕಳಪೆ ಸೈಕಲ್ ಬಂದರೆ ಸರಬರಾಜು ಮಾಡಿದವರನ್ನು ಹಿಡಿದು ಕೇಳಬೇಕು. ಮಕ್ಕಳಿಗೆ ಕೊಡುವುದನ್ನೇ ನಿಲ್ಲಿಸಿದರೆ ತಪ್ಪು ಮಾಡಿದವನು ಒಬ್ಬ, ದಂಡ ಕಟ್ಟಿದವರು ಇನ್ನೊಬ್ಬರು ಎಂದಾಯಿತು. ಎಲ್ಲರ ಮನೆಯಲ್ಲೂ ಬೈಕ್ ಬಂದಿದೆಯಲ್ಲ ಎನ್ನುವವರೂ ಇದ್ದಾರೆ. ಬೈಕ್ ಇರುವ ಮನೆಯಲ್ಲಿ ಅದನ್ನು ಹತ್ತಿ ಬೆಳಗ್ಗೆ ಹೊಲಕ್ಕೆ ಹೋಗುವವನು ಅಪ್ಪ. ಮಗಳನ್ನು ಹತ್ತು ಗಂಟೆಗೆ ಬಿಟ್ಟು ನಾಲ್ಕೂವರೆಗೆ ಕರೆತರಲು ಅವನಿಗೆ ಕೂಲಿ ಬಿಟ್ಟು ಬರಲಾಗುವುದಿಲ್ಲ.

ಹಣದ ಪ್ರಶ್ನೆಗೆ ನನ್ನ ಸೂಚನೆ ಇದು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಿನ ಗುಲ್ಬರ್ಗ ವಿಭಾಗದವು. ಮೊದಲ ವರ್ಷ ಆ ತಾಲ್ಲೂಕುಗಳಲ್ಲಿ, ಪ್ರೌಢಶಾಲೆಗೆ 2 ಕಿಲೋಮೀಟರ್‌ಗಿಂತ ದೂರದಿಂದ ಬರುವ ಎಂಟನೇ ತರಗತಿಯ ಹುಡುಗಿಯರಿಗೆಲ್ಲ ಕೊಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5000 ಕೋಟಿ ರೂಪಾಯಿ ಘೋಷಿಸಿದ ಸರ್ಕಾರಕ್ಕೆ ಇಷ್ಟು ಮಕ್ಕಳ ಸೈಕಲ್ ದೊಡ್ಡ ಖರ್ಚಲ್ಲ. ಅಲ್ಲಿಂದ ಬೇರೆ ತಾಲ್ಲೂಕುಗಳಿಗೆ ಹಬ್ಬಿಸಬಹುದು. ಸೈಕಲ್ ಹೋಗದಷ್ಟು ದೂರವಿರುವಲ್ಲಿ ಶಾಲೆಯ ಗಂಟೆಗೆ ಹೊಂದುವ ಒಂದು ಬಸ್ಸನ್ನೋ ಬಾಡಿಗೆ ಗಾಡಿಯನ್ನೋ ಗೊತ್ತುಮಾಡಬೇಕು. ಅದನ್ನು ಡಿಪೋ ಮ್ಯಾನೇಜರ್, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಮುಖ್ಯಶಿಕ್ಷಕರು ಒಂದೇ ಮೇಜಿನ ಸುತ್ತ ಕೂತರೆ ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಬಹುದು. ಇಂದು ಅವರು ಕೂರುವುದೇ ಇಲ್ಲ.

ಇನ್ನೊಂದು ಆತಂಕವನ್ನೂ ಇಲ್ಲೇ ಹೇಳಬೇಕು. ಕರ್ನಾಟಕ ಪಬ್ಲಿಕ್ ಶಾಲೆಗಳಂಥ ದೊಡ್ಡ ಶಾಲೆಗಳನ್ನು ಹೆಚ್ಚಿಸುವಾಗ ಸುತ್ತಲ ಸಣ್ಣ ಶಾಲೆಗಳನ್ನು ಅವುಗಳ ಜೊತೆ ವಿಲೀನಗೊಳಿಸುವ ಮಾತು ಕೇಳಿಬರುತ್ತಿದೆ. ದೊಡ್ಡ ಶಾಲೆಯಲ್ಲಿ ಪ್ರಯೋಗಾಲಯ, ಗ್ರಂಥಾಲಯ, ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ, ಅದು ಒಳ್ಳೆಯದೇ. ಆದರೆ ಒಂದು ಶಾಲೆ ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಮೊದಲು ಅಧಿಕಾರಿಯೊಬ್ಬರು ಆ ಊರಿನಿಂದ ಹೊಸ ಶಾಲೆಗೆ, ಮಳೆಗಾಲದ ಒಂದು ಬೆಳಗ್ಗೆ, ಹೆಗಲಿಗೆ ಬ್ಯಾಗು ಹಾಕಿಕೊಂಡು ನಡೆದು ನೋಡಲಿ. ಹಳ್ಳ ತುಂಬಿದಾಗ ಮೂರು ಕಿಲೋಮೀಟರ್ ನಕ್ಷೆಯ ಮೇಲಿನ ಮೂರು ಕಿಲೋಮೀಟರ್ ಆಗಿರುವುದಿಲ್ಲ.

ಸೈಕಲ್ ಕೊಡುವುದಾದರೆ ಎರಡು ವಿಷಯ ನೆನಪಿಡಬೇಕೆಂದು ಕೇಳುತ್ತೇನೆ. ಒಂದು, ರಿಪೇರಿ. ಪಂಚರ್ ಆದ ಸೈಕಲ್ ಗೋಡೆಗೆ ಒರಗಿದರೆ ಹುಡುಗಿಯೂ ಮನೆಯಲ್ಲಿ ಒರಗುತ್ತಾಳೆ. ಪ್ರತಿ ಪ್ರೌಢಶಾಲೆಗೂ ಒಂದು ಗಾಳಿಪಂಪು, ಪಂಚರ್ ಸಾಮಾನು, ಒಂದಿಷ್ಟು ಟ್ಯೂಬು-ಬ್ರೇಕು ಇಡಲು ಸಣ್ಣ ಅನುದಾನ ಕೊಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅದರ ಲೆಕ್ಕ ಇಟ್ಟುಕೊಳ್ಳಲಿ, ಒಂಬತ್ತನೇ ತರಗತಿಯ ಮಕ್ಕಳಿಗೆ ಕಾರ್ಯಾನುಭವದ ಅವಧಿಯಲ್ಲಿ ಪಂಚರ್ ಹಾಕುವುದನ್ನೇ ಕಲಿಸಲಿ. ಹುಡುಗಿಯರು ಬೇಗ ಕಲಿಯುತ್ತಾರೆ. ಎರಡು, ಕಾಲ. ಹಿಂದೆ ಎಷ್ಟೋ ವರ್ಷ ಟೆಂಡರ್ ತಡವಾಗಿ ಸೈಕಲ್ ಕೈಗೆ ಬರುವ ಹೊತ್ತಿಗೆ ದೀಪಾವಳಿ ಕಳೆದಿರುತ್ತಿತ್ತು. ಅಷ್ಟರಲ್ಲಿ ಬಿಡುವವರು ಬಿಟ್ಟಾಗಿರುತ್ತಿತ್ತು. ಮಕ್ಕಳನ್ನು ಸೇರಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಾಗುವುದು ಮೇ ಕೊನೆಯಿಂದ ಜೂನ್‌ವರೆಗೆ. ಆ ವಾರಗಳಲ್ಲಿ ಸೈಕಲ್ ಶಾಲೆಯಲ್ಲಿ ಕಾಣುವಂತಿರಬೇಕು. ಹಾಗಾಗಬೇಕಾದರೆ ಮುಂಗಡಪತ್ರದಲ್ಲಿ ಹಣ ಇಟ್ಟು, ಟೆಂಡರಿನ ಸಿದ್ಧತೆಯನ್ನು ಚಳಿಗಾಲದಲ್ಲೇ ಮುಗಿಸಬೇಕು.

ನಮ್ಮ ಭಾಗದ ನಿವೃತ್ತ ಶಿಕ್ಷಕರು ಕೆಲವರು ಸೇರಿ, ಏಳು ಮುಗಿಸಿ ಎಂಟಕ್ಕೆ ಬಾರದ ಮಕ್ಕಳ ಪಟ್ಟಿಯನ್ನು ಊರೂರಿಗೆ ಹೋಗಿ ಮಾಡಿಕೊಡಲು ಸಿದ್ಧರಿದ್ದೇವೆ. ಯಾವ ಗೌರವಧನವೂ ಬೇಡ. ಹೆಸರು, ಊರು, ಹೈಸ್ಕೂಲಿಗೆ ಇರುವ ದೂರ, ಬಸ್ ಇದೆಯೋ ಇಲ್ಲವೋ ಎಂಬುದನ್ನು ಬರೆದು ಬಿಇಒ ಕಚೇರಿಗೆ ಒಪ್ಪಿಸುತ್ತೇವೆ. ತಮ್ಮ ಕಚೇರಿಯಿಂದ ಒಂದು ಸೂಚನೆ ಬಂದರೆ ಈ ಬೇಸಿಗೆಯಲ್ಲೇ ಕೆಲಸ ಶುರುಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ಯಾದಗಿರಿ ಜಿಲ್ಲೆ